ಪಿಯುಸಿ ಕಾಮರ್ಸ್‌ನಲ್ಲಿ ಯಾವ ಕಾಂಬಿನೇಷನ್? ಮೊದಲ ಅಕ್ಷರ ನೋಡಿ ನಿರ್ಧರಿಸಿ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮಾರನೇ ದಿನದಿಂದ ನನ್ನ ಫೋನ್‌ಗೆ ಬಿಡುವು ಇರುವುದಿಲ್ಲ. ತಾಲೂಕು ಕೇಂದ್ರದ ಪಿಯು ಕಾಲೇಜೊಂದರಲ್ಲಿ ಬಿಸಿನೆಸ್ ಸ್ಟಡೀಸ್ ಪಾಠ ಮಾಡುತ್ತೇನೆ. ನೆಂಟರು, ನೆಂಟರ ಪರಿಚಯದವರು, ಹಳೇ ವಿದ್ಯಾರ್ಥಿಗಳ ತಮ್ಮ ತಂಗಿಯರು, ಎಲ್ಲರೂ ಕೇಳುವುದು ಒಂದೇ. "ಮೇಡಂ, ಕಾಮರ್ಸ್ ಅಂತ ಗಟ್ಟಿ ಆಯ್ತು. ಕಾಂಬಿನೇಷನ್ ಯಾವುದು ತಗೊಳ್ಳೋದು?"

ಹೋದ ವರ್ಷ ಒಬ್ಬ ತಂದೆ ಫೋನ್ ಮಾಡಿ, ಮಗಳಿಗೆ "ಸೆಬಾ" ಸಿಕ್ಕಿದೆ ಅಂದರು. ಸ್ಟಾಟಿಸ್ಟಿಕ್ಸ್ ಇರುವ ಸೆಬಾನಾ, ಕಂಪ್ಯೂಟರ್ ಇರುವ ಸೆಬಾನಾ ಅಂತ ಕೇಳಿದೆ. ಬಾಯಲ್ಲಿ ಹೇಳುವಾಗ ಎಸ್‌ಇಬಿಎ, ಸಿಇಬಿಎ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ ಅಲ್ವಾ. ಅವರಿಗೆ ಗೊತ್ತಿರಲಿಲ್ಲ. ಫೀಸು ಕಟ್ಟಿ ಆಗಿತ್ತು. ಮಗಳು ಎರಡು ವರ್ಷ ಏನು ಓದುತ್ತಾಳೆ ಅನ್ನುವುದು ಆ ರಸೀದಿ ಮೇಲಿನ ಒಂದು ಅಕ್ಷರದಲ್ಲಿತ್ತು, ಅದನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಆ ಫೋನ್ ಇಟ್ಟ ಮೇಲೆ ಇದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅನ್ನಿಸಿತು.

ಅಕ್ಷರಗಳ ಲೆಕ್ಕ

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಕಾಮರ್ಸ್‌ನ ನಾಲ್ಕರಲ್ಲಿ ಬಿ ಅಂದರೆ ಬಿಸಿನೆಸ್ ಸ್ಟಡೀಸ್, ಎ ಅಂದರೆ ಅಕೌಂಟೆನ್ಸಿ. ಇವೆರಡು ಎಲ್ಲಿ ಹೋದರೂ ಇರುತ್ತವೆ. ಇ ಅಂದರೆ ಎಕನಾಮಿಕ್ಸ್, ಅದೂ ಬಹುತೇಕ ಕಡೆ ಇರುತ್ತದೆ. ಅಂದರೆ ನೀವು ನಿಜಕ್ಕೂ ಆರಿಸುತ್ತಿರುವುದು ನಾಲ್ಕನೆಯ ಒಂದೇ ವಿಷಯ. ಎಚ್ ಅಂದರೆ ಹಿಸ್ಟರಿ, ಸಿ ಅಂದರೆ ಕಂಪ್ಯೂಟರ್ ಸೈನ್ಸ್, ಎಸ್ ಅಂದರೆ ಸ್ಟಾಟಿಸ್ಟಿಕ್ಸ್, ಎಂ ಅಂದರೆ ಬೇಸಿಕ್ ಮ್ಯಾಥ್ಸ್. ಕೆಲವು ಕಾಲೇಜುಗಳು ಅಕ್ಷರ ತಿರುಗಿಸಿ ಇಬಿಎಸಿ, ಇಬಿಎಎಸ್ ಅಂತ ಬರೆಯುತ್ತವೆ, ವಿಷಯ ಅದೇ. ಎಂಎಸ್‌ಬಿಎ, ಸಿಎಸ್‌ಬಿಎ ಅಂತ ಎಕನಾಮಿಕ್ಸ್ ಬಿಟ್ಟು ಸ್ಟಾಟಿಸ್ಟಿಕ್ಸ್ ಸೇರಿಸಿದವೂ ಇವೆ. ಅವು ದೊಡ್ಡ ಊರುಗಳಲ್ಲೇ ಜಾಸ್ತಿ.

ಆರಿಸುವ ಮೊದಲು ನಾಲ್ಕು ಪ್ರಶ್ನೆ

ಮೊದಲನೆಯದು, ಪಿಯುಸಿ ಆದ ಮೇಲೆ ಏನು? ಖಚಿತ ಗೊತ್ತಿರಬೇಕಾಗಿಲ್ಲ, ಹದಿನಾರು ವರ್ಷಕ್ಕೆ ಯಾರಿಗೆ ಗೊತ್ತಿರುತ್ತದೆ. ಆದರೆ "ಸಿಎ ಮಾಡ್ತೀನಿ" ಅನ್ನುವ ಮಗುವಿಗೂ "ಲಾ ಓದ್ತೀನಿ" ಅನ್ನುವ ಮಗುವಿಗೂ ನಾಲ್ಕನೇ ವಿಷಯ ಬೇರೆ ಬೇರೆ.

ಎರಡನೆಯದು, ಮಗು ಲೆಕ್ಕದ ಜೊತೆ ಎಷ್ಟು ಹೊತ್ತು ಕೂರುತ್ತದೆ? ಗಣಿತದಲ್ಲಿ ಬಂದ ಮಾರ್ಕ್ಸ್ ನಾನು ಕೇಳುವುದಿಲ್ಲ. 90 ತಗೊಂಡು ಗಣಿತ ಕಂಡರೆ ಹೆದರುವವರನ್ನೂ ನೋಡಿದ್ದೇನೆ, 55 ತಗೊಂಡು ಒಂದು ಲೆಕ್ಕ ಬರುವ ತನಕ ಎದ್ದೇಳದವರನ್ನೂ ನೋಡಿದ್ದೇನೆ. ಎರಡನೆಯವರು ದಡ ಸೇರುತ್ತಾರೆ.

ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ: ಆ ಕಾಲೇಜಿನಲ್ಲಿ ಆ ವಿಷಯಕ್ಕೆ ಲೆಕ್ಚರರ್ ಇದ್ದಾರಾ? ಪ್ರಾಸ್ಪೆಕ್ಟಸ್‌ನಲ್ಲಿ ಕಾಂಬಿನೇಷನ್ ಇರುತ್ತದೆ, ಪಾಠ ಮಾಡುವವರು ಇರುವುದಿಲ್ಲ. ಅತಿಥಿ ಉಪನ್ಯಾಸಕರು ಬರುವುದು ತಡವಾದರೆ ಮೊದಲ ತಿಂಗಳುಗಳು ಸುಮ್ನೆ ಹೋಗುತ್ತವೆ. ಹಿಸ್ಟರಿ ಆದರೆ ಮಗು ತಾನೇ ಓದಿಕೊಳ್ಳಬಹುದು. ಸ್ಟಾಟಿಸ್ಟಿಕ್ಸ್ ತಾನೇ ಓದಿಕೊಳ್ಳುವುದು ಕಷ್ಟ.

ನಾಲ್ಕನೆಯದು ದುಡ್ಡು, ಸಮಯ. ಕಾಲೇಜು ಫೀಸು ಮಾತ್ರ ಅಲ್ಲ, ಟ್ಯೂಷನ್, ಲ್ಯಾಬ್ ಫೀಸು, ಬಸ್ಸಿನಲ್ಲಿ ಹೋಗುವ ಎರಡು ಗಂಟೆ, ಎಲ್ಲ ಸೇರಿಸಿ.

"ಯಾವುದು ಸ್ಕೋರಿಂಗ್" ಅನ್ನುವುದನ್ನು ನಾನು ಈ ಪಟ್ಟಿಯಲ್ಲಿ ಬೇಕಂತಲೇ ಹಾಕಿಲ್ಲ. ಓದಿದವರಿಗೆ ಎಲ್ಲವೂ ಸ್ಕೋರಿಂಗ್. ಲೆಕ್ಕದ ವಿಷಯದಲ್ಲಿ ಹಂತ ಸರಿಯಿದ್ದರೆ ಪೂರ್ತಿ ಮಾರ್ಕ್ಸ್ ಸಿಗುತ್ತದೆ ಅನ್ನುವುದು ನಿಜ, ಆದರೆ ಅದೇ ವಿಷಯದಲ್ಲಿ ಫೇಲ್ ಆಗುವುದೂ ಸುಲಭ.

ಮೊದಲು ಎಲ್ಲರಿಗೂ ಬರುವ ಆ ಬಿ ಮತ್ತು ಎ

ಬಿಸಿನೆಸ್ ಸ್ಟಡೀಸ್ ಸುಲಭ, ಹಿಂದಿನ ರಾತ್ರಿ ಓದಿದರೆ ಸಾಕು ಅನ್ನುತ್ತಾರೆ. ನನಗೆ ಇದನ್ನು ಕೇಳಿದರೆ ಬೇಜಾರಾಗುತ್ತದೆ. ಮೊದಲ ವರ್ಷ ವ್ಯವಹಾರದ ರೂಪಗಳು: ಒಬ್ಬನೇ ಮಾಲೀಕನ ಅಂಗಡಿ, ಪಾಲುದಾರಿಕೆ, ಅವಿಭಕ್ತ ಕುಟುಂಬದ ವ್ಯವಹಾರ, ಸಹಕಾರ ಸಂಘ, ಕಂಪನಿ. ಎರಡನೇ ವರ್ಷ ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್, ಹಣಕಾಸು ನಿರ್ವಹಣೆ, ಗ್ರಾಹಕರ ರಕ್ಷಣೆ. ಪದಗಳು ಒಂದರ ಹಾಗೆ ಇನ್ನೊಂದು ಇರುವುದರಿಂದ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಅದಲುಬದಲು ಮಾಡುತ್ತಾರೆ.

ಒಂದು ಉದಾಹರಣೆ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫೆಯೋಲ್ ಹೇಳಿದ 14 ತತ್ವಗಳಲ್ಲಿ ನಾಲ್ಕನೆಯದು ಯೂನಿಟಿ ಆಫ್ ಕಮಾಂಡ್, ಐದನೆಯದು ಯೂನಿಟಿ ಆಫ್ ಡೈರೆಕ್ಷನ್. ಪ್ರತಿ ವರ್ಷ ಅರ್ಧ ಕ್ಲಾಸು ಇವೆರಡನ್ನು ಕಲಸಿಬಿಡುತ್ತದೆ. ಹಾಗಾಗಿ ನಾನು ಮದುವೆ ಮನೆಯ ಕಥೆ ಹೇಳುತ್ತೇನೆ. ಅಡುಗೆಯವರ ಹತ್ತಿರ ದೊಡ್ಡಪ್ಪ ಬಂದು "ಹನ್ನೆರಡಕ್ಕೇ ಮೊದಲ ಪಂಕ್ತಿ ಹಾಕಿಬಿಡಿ" ಅನ್ನುತ್ತಾರೆ. ಐದು ನಿಮಿಷಕ್ಕೆ ಚಿಕ್ಕಪ್ಪ ಬಂದು "ಧಾರೆ ಮುಗಿಯೋ ತನಕ ಎಲೆ ಹಾಕಬೇಡಿ" ಅನ್ನುತ್ತಾರೆ. ಅಡುಗೆಯವರು ಯಾರ ಮಾತು ಕೇಳಬೇಕು? ಒಬ್ಬ ಕೆಲಸಗಾರನಿಗೆ ಒಬ್ಬನೇ ಯಜಮಾನ, ಅದು ಕಮಾಂಡ್. ಇನ್ನು ಬಡಿಸುವವರು, ನೀರು ಕೊಡುವವರು, ಎಲೆ ಎತ್ತುವವರು ಎಲ್ಲರೂ ಸೇರಿ ಊಟ ಅನ್ನುವ ಒಂದೇ ಕೆಲಸಕ್ಕೆ ಒಬ್ಬನೇ ಮುಖ್ಯಸ್ಥ, ಒಂದೇ ಯೋಜನೆ. ಅದು ಡೈರೆಕ್ಷನ್. ಇದನ್ನು ಹೇಳಿದ ಮೇಲೆ ಯಾರೂ ಮರೆಯುವುದಿಲ್ಲ. ಮನೆಯಲ್ಲಿ ಅಂಗಡಿ, ಹೋಟೆಲ್, ಡೈರಿ ಲೆಕ್ಕ ನೋಡಿ ಬೆಳೆದ ಮಕ್ಕಳಿಗೆ ಈ ವಿಷಯ ಬೇಗ ಹತ್ತಿರವಾಗುತ್ತದೆ.

ಅಕೌಂಟೆನ್ಸಿ ಬೇರೆ ಥರ. ಅದಕ್ಕೆ ದಿನಾ ಒಂದು ಗಂಟೆ ಕೊಡಲೇಬೇಕು. ನಮ್ಮಲ್ಲೊಬ್ಬಳು ಹುಡುಗಿ ಇದ್ದಳು, ಅಪ್ಪನದು ಕಿರಾಣಿ ಅಂಗಡಿ. ಮೊದಲ ವರ್ಷ ಜರ್ನಲ್, ಲೆಡ್ಜರ್ ಏನೂ ತಲೆಗೆ ಹೋಗುತ್ತಿಲ್ಲ ಅಂತ ಅಳುತ್ತಿದ್ದಳು. ಅಪ್ಪನ ಉದ್ರಿ ಪುಸ್ತಕ ತಗೊಂಡು ಬಾ ಅಂದೆ. ಕೆಂಪು ಬಟ್ಟೆ ಬೈಂಡಿನ ಉದ್ದನೆ ಪುಸ್ತಕ, ಒಳಗೆ "ಗೇಟಿನ ಮನೆ ಅಕ್ಕ", "ಟ್ರ್ಯಾಕ್ಟರ್ ಮಂಜಣ್ಣ" ಅಂತ ಹೆಸರುಗಳು, ಕೊಟ್ಟಿದ್ದು ಒಂದು ಕಡೆ, ಬಂದಿದ್ದು ಇನ್ನೊಂದು ಕಡೆ. "ಇವರೇ ಕಣೇ ನಿನ್ನ ಡೆಟರ್ಸ್" ಅಂದೆ. ಅರ್ಧ ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಅಷ್ಟೂ ಹೆಸರಿನ ಬಾಕಿ ತೆಗೆದು ಕೂಡಿಸಿದಳು. ಅಲ್ಲಿಂದ ಮುಂದೆ ಅವಳಿಗೆ ಟ್ಯೂಷನ್ ಬೇಕಾಗಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕಾಮರ್ಸ್‌ನ ಭಾರ ಮುಖ್ಯವಾಗಿ ಎ ಮೇಲೆ ಇರುತ್ತದೆ. ಎರಡನೇ ವರ್ಷ ಪಾಲುದಾರಿಕೆಯ ಲೆಕ್ಕಗಳು, ಷೇರು, ಡಿಬೆಂಚರ್, ರೇಷಿಯೋ, ಕ್ಯಾಶ್ ಫ್ಲೋ ಎಲ್ಲ ಬರುತ್ತವೆ. ನಾಲ್ಕನೇ ವಿಷಯ ಆರಿಸುವಾಗ ಇದಕ್ಕೆ ಬೇಕಾದ ಸಮಯ ಉಳಿಯುತ್ತದಾ ಅಂತಲೂ ನೋಡಿ.

ಎಚ್: ಹಿಸ್ಟರಿ

ಇದನ್ನು ಮಕ್ಕಳು ಗಣಿತದ ಹೆದರಿಕೆಗೆ ತಗೊಳ್ಳುತ್ತಾರೆ. ಆ ಕಾರಣಕ್ಕೆ ತಗೊಂಡರೆ ನನಗೆ ಸಮಾಧಾನ ಇಲ್ಲ. ಯಾಕಂದರೆ ಅಕೌಂಟೆನ್ಸಿ, ಎಕನಾಮಿಕ್ಸ್ ಎರಡರಲ್ಲೂ ಲೆಕ್ಕ ಇದ್ದೇ ಇದೆ, ತಪ್ಪಿಸಿಕೊಂಡ ಹಾಗಾಗುವುದಿಲ್ಲ. ಆದರೆ ಮುಂದೆ ಕೆಎಎಸ್, ಎಫ್‌ಡಿಎ, ಎಸ್‌ಡಿಎ ಥರದ ಪರೀಕ್ಷೆ ಬರೆಯುವ ಆಸೆ ಇದ್ದರೆ, ಲಾ ಕಡೆ ಮನಸ್ಸಿದ್ದರೆ, ಹಿಸ್ಟರಿ ನಿಜಕ್ಕೂ ಒಳ್ಳೆಯ ಆಯ್ಕೆ. ಬಿಬಿಎ ಎಲ್‌ಎಲ್‌ಬಿ ಥರದ 5 ವರ್ಷದ ಕೋರ್ಸಿಗೆ ಪಿಯುಸಿ ಆದ ತಕ್ಷಣ ಸೇರಬಹುದು. ಅಲ್ಲಿ ಉದ್ದ ಓದಿ, ಕಾರಣ ಜೋಡಿಸಿ ಬರೆಯುವ ಅಭ್ಯಾಸ ಬೇಕು, ಅದನ್ನು ಹಿಸ್ಟರಿ ಕಲಿಸುತ್ತದೆ.

ಖರ್ಚು ಕಡಿಮೆ. ಟ್ಯೂಷನ್ ಬೇಡ, ಲ್ಯಾಬ್ ಇಲ್ಲ, ಸರ್ಕಾರಿ ಕಾಲೇಜುಗಳಲ್ಲಿ ಸುಲಭವಾಗಿ ಸಿಗುವ ಕಾಂಬಿನೇಷನ್ ಇದೇ. ಓದುವುದು ಜಾಸ್ತಿ, ಇಸವಿಗಳು, ಭೂಪಟ, ದೊಡ್ಡ ಉತ್ತರಗಳು. ಕನ್ನಡ ಮಾಧ್ಯಮದಿಂದ ಬಂದ ಮಗು ಕನ್ನಡದಲ್ಲೇ ಬರೆದರೆ ಇಲ್ಲಿ ಚೆನ್ನಾಗಿ ಅರಳುತ್ತದೆ. ಕಷ್ಟ ಬರುವುದು ಆಮೇಲೆ ಮನಸ್ಸು ಬದಲಾಗಿ ಸಿಎ ಕಡೆ ತಿರುಗಿದಾಗ. ದಾರಿ ಮುಚ್ಚುವುದಿಲ್ಲ, ಸಿಎ ಫೌಂಡೇಷನ್‌ಗೆ, ಅಂದರೆ ಸಿಎಯ ಮೊದಲ ಹಂತದ ಪರೀಕ್ಷೆಗೆ, ಯಾವ ಕಾಂಬಿನೇಷನ್ ಆದರೂ ನಡೆಯುತ್ತದೆ. ಆದರೆ ಆ ಪರೀಕ್ಷೆಯ ಮೂರನೇ ಪೇಪರ್, ಅಂದರೆ ಲೆಕ್ಕದ ಪೇಪರ್‌ನ ಮುಂದೆ ಒಬ್ಬರೇ ನಿಂತ ಹಾಗಾಗುತ್ತದೆ.

ಎಂ ಮತ್ತು ಎಸ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಆ ಮೂರನೇ ಪೇಪರ್ ಏನು ಅಂತ ಮೊದಲು ಹೇಳುತ್ತೇನೆ. ಸಿಎ ಫೌಂಡೇಷನ್‌ನಲ್ಲಿ 4 ಪೇಪರ್, ತಲಾ 100 ಅಂಕ. ಅಕೌಂಟಿಂಗ್, ಬಿಸಿನೆಸ್ ಲಾ, ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಬಿಸಿನೆಸ್ ಎಕನಾಮಿಕ್ಸ್. ಪಾಸಾಗಲು ಪ್ರತಿ ಪೇಪರ್‌ನಲ್ಲಿ ಕನಿಷ್ಠ 40, ಒಟ್ಟಾರೆ 400ಕ್ಕೆ 200 ಬರಬೇಕು. ಮೂರನೇ ಪೇಪರ್‌ನಲ್ಲಿ 40 ಅಂಕ ಬಿಸಿನೆಸ್ ಮ್ಯಾಥ್ಸ್, 20 ಲಾಜಿಕಲ್ ರೀಸನಿಂಗ್, 40 ಸ್ಟಾಟಿಸ್ಟಿಕ್ಸ್. ಕೊನೆಯ ಎರಡು ಪೇಪರ್‌ಗಳು ಆಬ್ಜೆಕ್ಟಿವ್, ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಇನ್ನೊಂದು ವಿಷಯ, ಈ ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದುವವರು ಎರಡು ವರ್ಷ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಳ್ಳುತ್ತಾ ಹೋಗಬೇಕು. ಋಣಿಗಳು ಅಂದರೆ ಡೆಟರ್ಸ್, ಸವಕಳಿ ಅಂದರೆ ಡಿಪ್ರಿಸಿಯೇಷನ್, ಹೀಗೆ.

ಈಗ ಬೇಸಿಕ್ ಮ್ಯಾಥ್ಸ್. ಇದು ಸೈನ್ಸ್‌ನವರು ಓದುವ ಗಣಿತ ಅಲ್ಲ. ಸೈನ್ಸ್‌ನವರ ಗಣಿತದ ವಿಷಯ ಸಂಕೇತ 35, ಬೇಸಿಕ್ ಮ್ಯಾಥ್ಸ್‌ನದು 75, ಅರ್ಜಿಯಲ್ಲಿ ನೋಡಿಕೊಳ್ಳಿ. ಮ್ಯಾಟ್ರಿಕ್ಸ್, ಪರ್ಮ್ಯುಟೇಷನ್, ಸಂಭವನೀಯತೆ, ಬಿಲ್ ಡಿಸ್ಕೌಂಟಿಂಗ್, ಷೇರುಗಳ ಲೆಕ್ಕ, ಲೀನಿಯರ್ ಪ್ರೋಗ್ರಾಮಿಂಗ್, ಜೊತೆಗೆ ಸ್ವಲ್ಪ ತ್ರಿಕೋನಮಿತಿ, ಕ್ಯಾಲ್ಕ್ಯುಲಸ್. ಕೊನೆಯ ಎರಡು ಹೆಸರು ಕೇಳಿಯೇ ಮಕ್ಕಳು ಓಡುತ್ತಾರೆ. ಓಡುವ ಅಗತ್ಯ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಆದರೆ ದಿನಾ ಅಭ್ಯಾಸ ಬೇಕು, ಅಕೌಂಟೆನ್ಸಿಗೂ ದಿನಾ ಅಭ್ಯಾಸ ಬೇಕು. ಎರಡಕ್ಕೂ ಸಮಯ ಕೊಡಲಾಗದ ಮಗುವಿಗೆ, ಅಂದರೆ ಸಂಜೆ ಮನೆಕೆಲಸ, ಅಂಗಡಿ, ಹೊಲ ಅಂತ ಇರುವ ಮಗುವಿಗೆ, ಇದು ಭಾರವಾಗಬಹುದು. ಅದನ್ನು ಮನೆಯವರು ಪ್ರಾಮಾಣಿಕವಾಗಿ ಯೋಚಿಸಬೇಕು.

ಎಂ ಯಾರಿಗೆ ಬೇಕೇ ಬೇಕು? ಎಕನಾಮಿಕ್ಸ್ ಆನರ್ಸ್ ಓದುವ ಆಸೆ ಇರುವವರಿಗೆ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ 12ನೇ ತರಗತಿಯಲ್ಲಿ ಗಣಿತ ಓದಿರಬೇಕು. ಅಂಥ ಕಡೆ ಅರ್ಜಿ ಹಾಕುವ ಯೋಚನೆ ಇದ್ದರೆ ಬೇಸಿಕ್ ಮ್ಯಾಥ್ಸ್ ನಡೆಯುತ್ತದಾ ಅಂತ ಈಗಲೇ ಬರೆದು ಕೇಳಿ, ಎರಡು ವರ್ಷ ಆದ ಮೇಲೆ ಅಲ್ಲ. ಐಐಎಂ ಇಂದೋರ್ 2011ರಲ್ಲಿ ಶುರು ಮಾಡಿದ, ಪಿಯುಸಿ ಆದ ಮೇಲೆ ನೇರ ಸೇರುವ 5 ವರ್ಷದ ಕೋರ್ಸಿನ ಪ್ರವೇಶ ಪರೀಕ್ಷೆಗೂ ಗಣಿತದ ತಯಾರಿ ಚೆನ್ನಾಗಿರಬೇಕು. ಮತ್ತೆ ಒಂದು ಮಾತು, ಬೇಸಿಕ್ ಮ್ಯಾಥ್ಸ್ ಇದೆ ಅಂತ ಆಮೇಲೆ ಎಂಜಿನಿಯರಿಂಗ್‌ಗೆ ಹೋಗಬಹುದು ಅಂದುಕೊಂಡವರು ಇದ್ದಾರೆ. ಹೋಗಲಾಗದು.

ಸ್ಟಾಟಿಸ್ಟಿಕ್ಸ್ ಕಥೆ ಬೇರೆ. ಜನನ ಮರಣ ಪ್ರಮಾಣ, ಸೂಚ್ಯಂಕ, ಕಾಲಶ್ರೇಣಿ, ಸಂಭವನೀಯತೆಯ ವಿತರಣೆಗಳು, ಗುಣಮಟ್ಟ ನಿಯಂತ್ರಣ, ಆಪರೇಷನ್ಸ್ ರಿಸರ್ಚ್. ಹೆಸರು ದೊಡ್ಡದು, ಆದರೆ ಹೆಚ್ಚಿನ ಲೆಕ್ಕಗಳಿಗೆ ಒಂದು ಟೇಬಲ್ ಹಾಕಿ, ಕಾಲಂ ತುಂಬಿ, ಸೂತ್ರಕ್ಕೆ ಹಾಕಿದರೆ ಉತ್ತರ. ಕ್ಯಾಲ್ಕ್ಯುಲಸ್‌ಗೆ ಹೆದರುವ, ಆದರೆ ಕೂಡಿಸಿ ಕಳೆದು ಟೇಬಲ್ ಮಾಡುವುದರಲ್ಲಿ ಖುಷಿ ಪಡುವ ಮಕ್ಕಳು ತುಂಬಾ ಜನ ಇದ್ದಾರೆ. ಅವರಿಗೆ ಇದು ಹೇಳಿ ಮಾಡಿಸಿದ ವಿಷಯ. ಇನ್ನೊಂದು ಲಾಭ, ಮೊದಲ ವರ್ಷದ ಎಕನಾಮಿಕ್ಸ್‌ನಲ್ಲೂ ಸ್ಟಾಟಿಸ್ಟಿಕ್ಸ್‌ನ ಒಂದು ಭಾಗ ಇದೆ. ಸರಾಸರಿ, ಸೂಚ್ಯಂಕ ಎರಡೂ ಕಡೆ ಬರುವುದರಿಂದ ಒಂದನ್ನು ಕಲಿತರೆ ಇನ್ನೊಂದು ಅರ್ಧ ಬಂದ ಹಾಗೆ.

ಹಾಗಾದರೆ ಸಿಎಗೆ ಎಂ ಒಳ್ಳೆಯದಾ, ಎಸ್ ಒಳ್ಳೆಯದಾ? ಅಂಕದ ಲೆಕ್ಕದಲ್ಲಿ ಎರಡಕ್ಕೂ 40 40, ಸಮ. ನನ್ನ ಅಭಿಪ್ರಾಯ ಕೇಳಿದರೆ, ಗಣಿತದ ಹೆದರಿಕೆ ಸ್ವಲ್ಪ ಇದ್ದರೂ ಎಸ್ ಕಡೆ ವಾಲುತ್ತೇನೆ. ಯಾಕಂದರೆ ಫೌಂಡೇಷನ್‌ನ ಬಿಸಿನೆಸ್ ಮ್ಯಾಥ್ಸ್‌ನಲ್ಲಿ ಅನುಪಾತ, ಬಡ್ಡಿ, ಶ್ರೇಢಿಯಂಥ ಎಷ್ಟೋ ಭಾಗ ಹೈಸ್ಕೂಲಿನಲ್ಲಿ ಪರಿಚಯವಾದದ್ದೇ, ಕೋಚಿಂಗ್‌ನಲ್ಲಿ ಹಿಡಿಯಬಹುದು. ಸ್ಟಾಟಿಸ್ಟಿಕ್ಸ್ ಅಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ಗಣಿತ ಇಷ್ಟ ಇರುವ ಮಗುವಿಗೆ ಈ ಮಾತು ಅನ್ವಯಿಸುವುದಿಲ್ಲ, ಅದು ಧೈರ್ಯವಾಗಿ ಎಂ ತಗೊಳ್ಳಲಿ. ಎಂಎಸ್‌ಬಿಎ ಸಿಕ್ಕರೆ ಎರಡೂ ಸಿಕ್ಕ ಹಾಗೆ ಅನ್ನಿಸುತ್ತದೆ, ಆದರೆ ಎಕನಾಮಿಕ್ಸ್ ಬಿಟ್ಟುಹೋಗುತ್ತದೆ, ಫೌಂಡೇಷನ್‌ನ ನಾಲ್ಕನೇ ಪೇಪರ್ ಅದೇ. ಒಂದು ಪೇಪರ್ ಹಗುರ ಮಾಡಲು ಹೋಗಿ ಇನ್ನೊಂದನ್ನು ಭಾರ ಮಾಡಿಕೊಂಡ ಹಾಗಾಗುತ್ತದೆ. ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸ್) ಕಡೆ ಹೋಗುವವರಿಗೂ ಫೌಂಡೇಷನ್‌ನಲ್ಲಿ ಮ್ಯಾಥ್ಸ್ ಮತ್ತು ಸ್ಟಾಟಿಸ್ಟಿಕ್ಸ್ ಸೇರಿ ಒಂದು ಪೇಪರ್ ಇದೆ. ಕಂಪನಿ ಸೆಕ್ರೆಟರಿ ದಾರಿಯಲ್ಲಿ ಕಾನೂನೇ ಜಾಸ್ತಿ, ಲೆಕ್ಕ ಕಡಿಮೆ, ಎಚ್ ತಗೊಂಡವರಿಗೂ ಅದು ಒಗ್ಗುತ್ತದೆ.

ಸಿ: ಕಂಪ್ಯೂಟರ್ ಸೈನ್ಸ್

ಈಗ ಮಕ್ಕಳು ಜಾಸ್ತಿ ಕೇಳುವುದು ಇದನ್ನೇ. ಪೈಥಾನ್, ಡೇಟಾಬೇಸ್, ಎಸ್‌ಕ್ಯೂಎಲ್, ನೆಟ್‌ವರ್ಕ್ ಬರುತ್ತವೆ, ಪ್ರಾಕ್ಟಿಕಲ್‌ಗೆ 30 ಅಂಕ, ಥಿಯರಿ 70. ಉಳಿದ ವಿಷಯಗಳ ಹಾಗೆ 80ಕ್ಕೆ ಬರೆಯಬೇಕಾಗಿಲ್ಲ ಅನ್ನುವುದು ಕೆಲವರಿಗೆ ನಿರಾಳ. ಬಿಸಿಎ ಮಾಡುವವರಿಗೆ ದೊಡ್ಡ ಸಹಾಯ, ಬಿಕಾಂ ಮಾಡಿ ಕಂಪನಿಗಳಲ್ಲಿ ಅಕೌಂಟ್ಸ್ ಕೆಲಸಕ್ಕೆ ಹೋಗುವವರಿಗೂ ಒಳ್ಳೆಯದು. ಬಿಸಿಎ ಪ್ರವೇಶದ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ ಇರುತ್ತದೆ, ನೀವು ಸೇರಬೇಕೆಂದಿರುವ ಕಾಲೇಜಿನಲ್ಲೇ ವಿಚಾರಿಸಿ.

ಆದರೆ ಲ್ಯಾಬ್ ನೋಡದೆ ಸೇರಬೇಡಿ. ದಯವಿಟ್ಟು. ಒಂದು ಕಾಲೇಜಿನ ಲ್ಯಾಬ್‌ಗೆ ನಾನೇ ಹೋಗಿದ್ದೆ. 20 ಕಂಪ್ಯೂಟರ್ ಸಾಲಾಗಿ ಇದ್ದವು, ಪ್ಲಾಸ್ಟಿಕ್ ಕವರ್ ಹೊದ್ದು. ಆನ್ ಮಾಡಿ ನೋಡಿದರೆ ಏಳು ಮಾತ್ರ ಬಂದವು. ಅಲ್ಲಿನ ಮಕ್ಕಳು ಪ್ರೋಗ್ರಾಂಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ಕಲಿಯುತ್ತಿದ್ದರು, ರನ್ ಮಾಡಿ ನೋಡಿದ್ದು ಎರಡೋ ಮೂರೋ ಸಲ. ಅಂಥ ಕಡೆ ಲ್ಯಾಬ್ ಫೀಸು ಕಟ್ಟಿ ಸಿ ಓದುವುದಕ್ಕಿಂತ, ಒಳ್ಳೆಯ ಲೆಕ್ಚರರ್ ಇರುವ ಎಸ್ ಅಥವಾ ಎಚ್ ಓದಿ, ರಜೆಯಲ್ಲಿ ಟ್ಯಾಲಿ (ಅಕೌಂಟ್ಸ್ ಬರೆಯುವ ಸಾಫ್ಟ್‌ವೇರ್), ಎಕ್ಸೆಲ್ ಕಲಿಯುವುದು ಎಷ್ಟೋ ಮೇಲು. ಟ್ಯಾಲಿ ಹೇಗೂ ಈ ಸಿಯಲ್ಲಿ ಕಲಿಸುವುದಿಲ್ಲ, ಎಷ್ಟೋ ತಂದೆತಾಯಿ ಕಲಿಸುತ್ತಾರೆ ಅಂದುಕೊಂಡಿರುತ್ತಾರೆ.

ಪಿಇಬಿಎ, ಜಿಇಬಿಎ ಅಂತ ಪೊಲಿಟಿಕಲ್ ಸೈನ್ಸ್, ಜಿಯಾಗ್ರಫಿ ಇರುವವೂ ಇವೆ, ಎಚ್‌ಗೆ ಹೇಳಿದ್ದೇ ಬಹುಮಟ್ಟಿಗೆ ಅವಕ್ಕೂ. ಸಿಬಿಎಸ್‌ಇಯಲ್ಲಿ 11ಕ್ಕೆ ಹೋಗುವವರಿಗೆ ಮ್ಯಾಥಮ್ಯಾಟಿಕ್ಸ್ ಬದಲು ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಸಿಗುತ್ತದೆ, ಕಾಮರ್ಸ್‌ನವರಿಗೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ ಮುಂದೆ ಸೇರುವ ಕಡೆ ಅದನ್ನು ಒಪ್ಪುತ್ತಾರಾ ಅಂತ ಕೇಳಿಕೊಳ್ಳಿ.

ದುಡ್ಡು ಬಿಗಿ ಇದ್ದರೆ

ಸರ್ಕಾರಿ ಕಾಲೇಜಿಗೆ ಹಿಂಜರಿಯಬೇಡಿ. ಅಲ್ಲಿ ಒಳ್ಳೆಯ ಅಕೌಂಟೆನ್ಸಿ ಲೆಕ್ಚರರ್ ಇದ್ದರೆ ದೂರದ ಖಾಸಗಿ ಕಾಲೇಜಿನ ದೊಡ್ಡ ಬೋರ್ಡಿಗಿಂತ ಅದೇ ವಾಸಿ. ಉಳಿದ ದುಡ್ಡನ್ನು ಎರಡನೇ ವರ್ಷ ಅಕೌಂಟೆನ್ಸಿ ಟ್ಯೂಷನ್‌ಗೆ ಇಡಿ, ಬೇಕಾದರೆ ಮಾತ್ರ. ಪಿಯುಸಿ ಜೊತೆಗೇ ಸಿಎ ಕೋಚಿಂಗ್ ಸೇರಿಸಿ ದೊಡ್ಡ ಪ್ಯಾಕೇಜ್ ಕೇಳುವ ಕಡೆ ಎರಡು ಸಲ ಯೋಚಿಸಿ. ಫೌಂಡೇಷನ್ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಪಿಯುಸಿ ಮುಗಿಸಿ ಒಂದು ನಾಲ್ಕೈದು ತಿಂಗಳು ಅದಕ್ಕೇ ಕೂತು ಓದಿದವರೂ ಪಾಸಾಗಿದ್ದಾರೆ. ಮೊದಲ ವರ್ಷದಲ್ಲೇ ಮಗುವಿಗೆ ಸಿಎ ಬೇಡ ಅನ್ನಿಸಿದರೆ ಕಟ್ಟಿದ ದುಡ್ಡು ವಾಪಸ್ ಬರುವುದು ಕಷ್ಟ.

ಕಾಲೇಜು ಆಫೀಸಿಗೆ ಹೋದಾಗ ಫೀಸು ಎಷ್ಟು ಅಂತ ಕೇಳುವ ಮೊದಲು ಇಷ್ಟು ಕೇಳಿ. ನಾಲ್ಕನೇ ವಿಷಯಕ್ಕೆ ಕಾಯಂ ಲೆಕ್ಚರರಾ, ಅತಿಥಿಯಾ? ಹೋದ ವರ್ಷ ಆ ವಿಷಯದಲ್ಲಿ ಎಷ್ಟು ಮಕ್ಕಳು ಬರೆದರು, ಎಷ್ಟು ಪಾಸಾದರು? ಪಾಠ ಯಾವ ಮಾಧ್ಯಮದಲ್ಲಿ? ಕಾಂಬಿನೇಷನ್ ಬದಲಾಯಿಸಬೇಕಾದರೆ ಯಾವ ತಾರೀಖಿನ ತನಕ ಬಿಡುತ್ತೀರಿ? ಶುರುವಿನಲ್ಲಿ ಬದಲಾಯಿಸುವುದು ಸುಲಭ, ಸೆಕೆಂಡ್ ಇಯರ್‌ಗೆ ಬಂದ ಮೇಲೆ ಆಗದ ಮಾತು.

ಆ ಉದ್ರಿ ಪುಸ್ತಕದ ಹುಡುಗಿಯ ತಮ್ಮ ಈ ಸಲ ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾನೆ. ಅವನಿಗೆ ಸಿ ಬೇಕು, ಗೆಳೆಯರೆಲ್ಲ ಅದಕ್ಕೇ ಹೋಗುತ್ತಿದ್ದಾರೆ. ಅಪ್ಪನಿಗೆ ಎಸ್ ಇರಲಿ ಅಂತ ಆಸೆ, ಅಕ್ಕ ಈಗ ಫೌಂಡೇಷನ್‌ಗೆ ಓದುತ್ತಿದ್ದಾಳೆ, ಅವಳ ಪುಸ್ತಕಗಳು ಮನೆಯಲ್ಲೇ ಇವೆ. ನಾನು ಅಪ್ಪನಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಎರಡೂ ಕಾಲೇಜಿಗೆ ಹೋಗು, ಲ್ಯಾಬ್ ತೆಗೆಸಿ ಒಂದು ಕಂಪ್ಯೂಟರ್ ಆನ್ ಮಾಡು, ಅಕ್ಕನ ಸ್ಟಾಟಿಸ್ಟಿಕ್ಸ್ ಪುಸ್ತಕದಲ್ಲಿ ಸೂಚ್ಯಂಕದ ಒಂದು ಲೆಕ್ಕ ಅವಳ ಹತ್ತಿರ ಹೇಳಿಸಿಕೊಂಡು ಮಾಡಿ ನೋಡು ಅಂದೆ. ಲೆಕ್ಕ ನಿನ್ನೆ ರಾತ್ರಿಯೇ ಮಾಡಿದ್ದಾನಂತೆ, ಉತ್ತರ ಸರಿ ಬಂದಿದೆ. ಲ್ಯಾಬ್ ನೋಡಲು ಸೋಮವಾರ ಹೋಗುತ್ತಾನೆ.